ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ?

‘ಎದುರಿನವರ ಮನಸ್ಸು ಇವರಿಗೆ ತಿಳಿಯುವುದಿಲ್ಲ, ಪರೀಕ್ಷಿಸಿ’ ಎಂಬ ಒಂದೇ ಸಾಲಿನ ಚೀಟಿ ಹಿಡಿದು ಮಕ್ಕಳೂ ದೊಡ್ಡವರೂ ನನ್ನ ಬಳಿಗೆ ಬರುತ್ತಾರೆ. ಇನ್ನೊಬ್ಬರಿಗೂ ಅವರದೇ ಆದ ನಂಬಿಕೆ, ಆಸೆ, ಉದ್ದೇಶಗಳಿರುತ್ತವೆ, ಅವು ನಮ್ಮವುಗಳಿಗಿಂತ ಬೇರೆಯಾಗಿರಬಹುದು ಎಂದರಿತು ಅವರ ನಡೆಯನ್ನು ಊಹಿಸುವ ಈ ಸಾಮರ್ಥ್ಯವನ್ನು ಥಿಯರಿ ಆಫ್ ಮೈಂಡ್ ಎನ್ನುತ್ತೇವೆ. 1978ರಲ್ಲಿ ಪ್ರೀಮ್ಯಾಕ್ ಮತ್ತು ವುಡ್‌ರಫ್ ಈ ಹೆಸರನ್ನು ಬಳಸಿದ್ದು ಚಿಂಪಾಂಜಿಗಳ ಬಗೆಗಿನ ಪ್ರಬಂಧದಲ್ಲಿ. ರಕ್ತದ ಸಕ್ಕರೆಯಂತೆ ಇದನ್ನೂ ಒಂದು ಅಂಕಿಯಲ್ಲಿ ಅಳೆದು ಕೊಡಬಹುದೆಂಬ ನಿರೀಕ್ಷೆ ಆ ಚೀಟಿಯಲ್ಲಿ ಅಡಗಿರುತ್ತದೆ. ತೊಡಕು ಶುರುವಾಗುವುದೇ ಅಲ್ಲಿಂದ.

ಮಕ್ಕಳಿಗೆ ನಾವು ಹೆಚ್ಚಾಗಿ ಕೊಡುವುದು ಎರಡು ಗೊಂಬೆಗಳ ಕತೆ. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಅವಳಿಲ್ಲದಾಗ ಆ್ಯನ್ ಅದನ್ನು ಪೆಟ್ಟಿಗೆಯಲ್ಲಿಡುತ್ತಾಳೆ. ಮರಳಿ ಬಂದ ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಸಾಮಾನ್ಯವಾಗಿ ನಾಲ್ಕೈದು ವರ್ಷದ ಹೊತ್ತಿಗೆ ಮಕ್ಕಳು ‘ಬುಟ್ಟಿಯಲ್ಲಿ’ ಎನ್ನುತ್ತಾರೆ. 1985ರಲ್ಲಿ ಬ್ಯಾರನ್-ಕೋಹೆನ್, ಲೆಸ್ಲಿ ಮತ್ತು ಫ್ರಿತ್ ನಡೆಸಿದ ಅಧ್ಯಯನದಲ್ಲಿ ಆಟಿಸಂ (ಇತರರೊಡನೆ ಬೆರೆಯುವ, ಸಂವಹಿಸುವ ರೀತಿ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ) ಇದ್ದ 20 ಮಕ್ಕಳ ಪೈಕಿ 16 ಮಂದಿ ಗೋಲಿ ನಿಜವಾಗಿ ಇದ್ದ ಜಾಗವನ್ನೇ ತೋರಿಸಿದ್ದರು. ಈ ಫಲಿತಾಂಶ ಎಷ್ಟು ಪ್ರಸಿದ್ಧವಾಯಿತೆಂದರೆ, ಅದೇ ಪರೀಕ್ಷೆಯೊಳಗಿದ್ದ ಇನ್ನೆರಡು ಪ್ರಶ್ನೆಗಳನ್ನು ಅನೇಕರು ಮರೆತೇಬಿಟ್ಟರು: ಗೋಲಿ ಮೊದಲು ಎಲ್ಲಿತ್ತು, ಈಗ ನಿಜವಾಗಿ ಎಲ್ಲಿದೆ?

ಆರು ವರ್ಷದ ಹುಡುಗನೊಬ್ಬ ನನ್ನೆದುರು ಕುಳಿತು ಕ್ಷಣವೂ ತಡಮಾಡದೆ ಪೆಟ್ಟಿಗೆ ತೋರಿಸಿದ. ಮೊದಲು ಎಲ್ಲಿತ್ತು ಎಂದು ಕೇಳಿದಾಗಲೂ ಅವನ ಬೆರಳು ಪೆಟ್ಟಿಗೆಯ ಮೇಲೆಯೇ ಇತ್ತು. ಅಂದರೆ ಕತೆಯೇ ಅವನ ನೆನಪಿನಲ್ಲಿ ನಿಂತಿರಲಿಲ್ಲ. ಆ ತಪ್ಪು ಉತ್ತರದಿಂದ ಅವನ ಗಮನದ ಬಗ್ಗೆ ಏನಾದರೂ ತಿಳಿಯಬಹುದಿತ್ತೇ ಹೊರತು ಸ್ಯಾಲಿಯ ನಂಬಿಕೆಯನ್ನು ಅವನು ಗ್ರಹಿಸಿದನೇ ಎಂಬುದಲ್ಲ. ಇನ್ನೊಂದು ದಿನ ಕತೆಯನ್ನು ಚಿಕ್ಕದು ಮಾಡಿ, ನಿಧಾನವಾಗಿ ಹೇಳಿದೆ. ಅವನು ಬುಟ್ಟಿ ತೋರಿಸಿದ. ಯಾಕೆ ಎಂದರೆ, ‘ಅವಳು ನೋಡಿಲ್ವಲ್ಲ’ ಎಂದ. ನನ್ನ ಮಟ್ಟಿಗೆ ಆ ಎರಡು ಮಾತು ಅಂಕಕ್ಕಿಂತ ಹೆಚ್ಚಿನವು.

ಭಾಷೆಯ ಪರೀಕ್ಷೆಯನ್ನು ಮೊದಲೇ ಮುಗಿಸಬೇಕೆನ್ನುವುದೂ ಇದೇ ಕಾರಣಕ್ಕೆ. ಕಿವಿ ಕೇಳುವ ತಂದೆತಾಯಿಗೆ ಹುಟ್ಟಿದ ಕಿವುಡ ಮಕ್ಕಳಲ್ಲಿ ಅನೇಕರು ಈ ಪರೀಕ್ಷೆಯಲ್ಲಿ ತಡವಾಗಿ ಗೆಲ್ಲುತ್ತಾರೆ. ಹುಟ್ಟಿನಿಂದಲೇ ಮನೆಯಲ್ಲಿ ಸಂಜ್ಞಾ ಭಾಷೆ ಕಂಡು ಬೆಳೆದ ಕಿವುಡ ಮಕ್ಕಳಲ್ಲಿ ಈ ವಿಳಂಬ ಸಾಮಾನ್ಯವಾಗಿ ಕಾಣುವುದಿಲ್ಲ. ಅಂದಮೇಲೆ ಕೊರತೆಯಿರುವುದು ಮಗುವಿನ ಮನಸ್ಸಿನಲ್ಲೋ, ಅದಕ್ಕೆ ಸಿಕ್ಕ ಮಾತುಕತೆಯಲ್ಲೋ ಎಂದು ನೋಡಲೇಬೇಕಾಗುತ್ತದೆ.

ದೊಡ್ಡವರಲ್ಲಿ ಸಮಸ್ಯೆ ಬೇರೆ ರೂಪದ್ದು. ಕಣ್ಣುಗಳ 36 ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಪ್ರತಿಯೊಂದಕ್ಕೂ ಮನದ ಭಾವ ಹೇಳುವ ನಾಲ್ಕು ಪದಗಳಲ್ಲಿ ಒಂದನ್ನು ಆರಿಸಲು ಹೇಳುವ ಪರೀಕ್ಷೆ ಬಹಳ ಬಳಕೆಯಲ್ಲಿದೆ. ಆದರೆ ಅದು ಭಾವವನ್ನು ಅಳೆಯುವಷ್ಟೇ ಪದಸಂಪತ್ತನ್ನೂ ಅಳೆಯುವುದರಿಂದ ಅದೊಂದನ್ನೇ ನಂಬಿ ನಾನು ವರದಿ ಬರೆಯುವುದಿಲ್ಲ. ತಿಳಿಯದೆ ಆಡಿದ ಮಾತಿನಿಂದ ಇನ್ನೊಬ್ಬರಿಗೆ ನೋವಾಗುವ ಕತೆಗಳು ಹೆಚ್ಚು ಉಪಯುಕ್ತ, ಏಕೆಂದರೆ ಆಡಿದವರಿಗೆ ಗೊತ್ತಿರಲಿಲ್ಲ ಎಂಬುದನ್ನೂ ಕೇಳಿದವರಿಗೆ ನೋವಾಯಿತು ಎಂಬುದನ್ನೂ ಅಲ್ಲಿ ಒಟ್ಟಿಗೆ ಹಿಡಿಯಬೇಕು. ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳು ಕ್ರಮೇಣ ಕ್ಷೀಣಿಸುವ ಕಾಯಿಲೆಯಾದ ಫ್ರಂಟೋಟೆಂಪೊರಲ್ ಡಿಮೆನ್ಷಿಯಾದ ಆರಂಭದಲ್ಲಿ, ನೆನಪು ಇನ್ನೂ ಚೆನ್ನಾಗಿರುವಾಗಲೇ, ಇಲ್ಲಿ ಎಡವುವವರಿದ್ದಾರೆ. ವಾಸ್ತವದ ಅರಿವು ಕದಡುವ ಮನೋರೋಗವಾದ ಸ್ಕಿಜೋಫ್ರೇನಿಯಾದಲ್ಲಿ ಕೆಲವೊಮ್ಮೆ ಉಲ್ಟಾ: ಯಾರೋ ಸುಮ್ಮನೆ ನಕ್ಕರೂ ಅದರಲ್ಲಿ ತಮ್ಮ ಕುರಿತ ಉದ್ದೇಶ ಕಾಣುತ್ತದೆ. ಕಡಿಮೆ ಊಹಿಸುವುದಕ್ಕೂ ಅತಿಯಾಗಿ ಊಹಿಸುವುದಕ್ಕೂ ಒಂದೇ ಸೊನ್ನೆ ಹಾಕುವ ಅಂಕಪಟ್ಟಿ ಚಿಕಿತ್ಸೆಗೆ ದಾರಿ ತೋರಿಸಲಾರದು.

ಎಲ್ಲ ಕತೆಗಳಿಗೂ ಸರಿಯುತ್ತರ ಕೊಟ್ಟು, ಮನೆಯಲ್ಲಿ ಮಾತ್ರ ದಿನವೂ ಜಗಳವಾಡುವವರೂ ಇದ್ದಾರೆ. ಕತೆ ಓದುವಾಗ ಯೋಚಿಸಲು ಸಮಯವಿರುತ್ತದೆ, ಮಾತುಕತೆಯ ನಡುವೆ ಇರುವುದಿಲ್ಲ. ಆದ್ದರಿಂದ ಜೊತೆಗೆ ಬಾಳುವವರನ್ನೂ ಕೇಳುತ್ತೇನೆ, ಅದೂ ಒಂದು ಎಚ್ಚರಿಕೆಯೊಡನೆ. ಆಟಿಸಂ ಇರುವವರಿಗೂ ಇಲ್ಲದವರಿಗೂ ನಡುವಿನ ಅಪಾರ್ಥ ಎರಡೂ ಕಡೆಯದ್ದು ಎಂದು 2012ರಲ್ಲಿ ಸಂಶೋಧಕ ಡೇಮಿಯನ್ ಮಿಲ್ಟನ್ ವಾದಿಸಿದರು. ದೂರು ಕೊಡುವವರೂ ಆ ಜೋಡಿಯ ಒಂದು ಭಾಗವೇ. ವರದಿಯಲ್ಲಿ ‘ಥಿಯರಿ ಆಫ್ ಮೈಂಡ್ ಇಲ್ಲ’ ಎಂದು ಬರೆಯುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಯಾವ ಪ್ರಶ್ನೆಗೆ, ಎಷ್ಟು ಸಹಾಯದ ನಂತರ, ಯಾವ ಕಾರಣ ಕೊಟ್ಟು ಉತ್ತರಿಸಿದರು ಎಂಬುದನ್ನು ಅವರದೇ ಮಾತುಗಳಲ್ಲಿ ಬರೆದಿಡುತ್ತೇನೆ.