ಸಿಗ್ನಲ್ ಸಿಗದ ಕೋಣೆಯಲ್ಲಿ ಮೆಶ್ ಪೆಟ್ಟಿಗೆ ಇಡಬೇಡಿ

ಮನೆಯಿಂದ ಕೆಲಸ ಮಾಡುವವರು ಹೆಚ್ಚಾದಂತೆ ಮೆಶ್ ವೈಫೈ ಹಾಕಿಕೊಡಿ ಎಂದು ಕರೆಯುವವರೂ ಹೆಚ್ಚಿದ್ದಾರೆ. ಮನೆಯ ಬೇರೆಬೇರೆ ಕಡೆ ಇಟ್ಟ ಪೆಟ್ಟಿಗೆಗಳೆಲ್ಲ ಸೇರಿ ಒಂದೇ ವೈಫೈ ಹರಡುವ ವ್ಯವಸ್ಥೆಯೇ ಮೆಶ್. ಬೆಂಗಳೂರಿನ 30x40 ಸೈಟುಗಳಲ್ಲಿ ಮೂರಂತಸ್ತಿನ ಮನೆ. ಗೇಟಿನ ಕಡೆಯಿಂದ ಬಂದ ಫೈಬರ್ ಬಾಗಿಲ ಪಕ್ಕದ ರೂಟರ್‌ಗೇ ನಿಂತಿರುತ್ತದೆ. ಆಫೀಸ್ ಮೀಟಿಂಗ್ ಮಾತ್ರ ಎರಡನೇ ಮಹಡಿಯಲ್ಲಿ. ನಡುವೆ ಕಬ್ಬಿಣದ ಸರಳು ತುಂಬಿದ ಎರಡು ಆರ್‌ಸಿಸಿ ಮೋಲ್ಡ್. 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದು, ಆದರೆ ಮೋಲ್ಡ್ ದಾಟುವಷ್ಟರಲ್ಲಿ ಸೋತುಹೋಗುತ್ತದೆ. 2.4 ಗಿಗಾಹರ್ಟ್ಸ್‌ನದು ಹೇಗೋ ದಾಟುತ್ತದೆ. ಆದರೆ ಅಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲ್, ಅಂದರೆ ಸಿಗ್ನಲ್ ಸಾಗುವ ದಾರಿ, ಇರುವುದು ಮೂರೇ, ಅಕ್ಕಪಕ್ಕದ ಮನೆಯವರೆಲ್ಲ ಅದರಲ್ಲೇ ಇರುತ್ತಾರೆ.

ಬಹಳ ಜನ ಎರಡನೇ ಮೆಶ್ ಪೆಟ್ಟಿಗೆಯನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಇಟ್ಟುಬಿಡುತ್ತಾರೆ. ಮೊಬೈಲಿನಲ್ಲಿ ಕಡ್ಡಿಗಳು ಪೂರ್ತಿ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಆ ಕಡ್ಡಿಗಳು ತೋರಿಸುವುದು ಮೊಬೈಲಿಗೂ ಪಕ್ಕದ ಪೆಟ್ಟಿಗೆಗೂ ಇರುವ ಸಂಪರ್ಕವನ್ನಷ್ಟೇ. ಆ ಪೆಟ್ಟಿಗೆಗೆ ಕೆಳಗಿನಿಂದ ಎಷ್ಟು ಬರುತ್ತಿದೆ ಎಂಬುದು ಬೇರೆಯೇ ಲೆಕ್ಕ. ಇಲ್ಲದ್ದನ್ನು ಅದು ಹಂಚುವುದು ಹೇಗೆ? ಮೂಲ ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಮೆಟ್ಟಿಲ ತಿರುವಿನಲ್ಲೋ ಮೊದಲ ಮಹಡಿಯ ಹಾಲಿನಲ್ಲೋ ಇಡಿ. ಬೀರುವಿನ ಹಿಂದೆ, ಅಕ್ವೇರಿಯಂ ಪಕ್ಕ ಬೇಡ. ಲೋಹವೂ ನೀರೂ ಸಿಗ್ನಲ್‌ಗೆ ಆಗಿಬರುವುದಿಲ್ಲ.

ಅಗ್ಗದ ಡ್ಯುಯಲ್ ಬ್ಯಾಂಡ್ (2.4ಕ್ಕೊಂದು, 5ಕ್ಕೊಂದು ರೇಡಿಯೊ ಇರುವ) ಸೆಟ್‌ಗಳಲ್ಲಿ ಇನ್ನೊಂದು ತೊಡಕಿದೆ. ಕೆಳಗಿನ ಪೆಟ್ಟಿಗೆಯಿಂದ ಡೇಟಾ ತರುವುದೂ ನಿಮ್ಮ ಲ್ಯಾಪ್‌ಟಾಪಿಗೆ ಕೊಡುವುದೂ ಸಾಮಾನ್ಯವಾಗಿ ಒಂದೇ ರೇಡಿಯೊ. ಹೀಗಾಗಿ ಒಂದು ಹಂತ ದಾಟುವಷ್ಟರಲ್ಲಿ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಇನ್ನೊಂದು ರೇಡಿಯೊ ಹೆಚ್ಚಿರುವ ಟ್ರೈ ಬ್ಯಾಂಡ್ ಇದನ್ನು ತಗ್ಗಿಸುತ್ತದೆ, ಬೆಲೆಯೂ ಜಾಸ್ತಿ. ನನ್ನನ್ನು ಕೇಳಿದರೆ ಆ ಹಣದಲ್ಲಿ ಪೆಟ್ಟಿಗೆಗಳ ನಡುವೆ ವೈರ್ ಎಳೆಸಿ. ಹಳೆಯ ಟಿವಿ ಕೇಬಲ್‌ನ ಪೈಪಿನಲ್ಲಿ ಎಷ್ಟೋ ಸಲ ಜಾಗ ಸಿಗುತ್ತದೆ. ಎಳೆಸುವ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಪೂರ್ತಿ ತಾಮ್ರದ್ದೇ ಆಗಿರಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದನ್ನೂ ಅದೇ ಹೆಸರಲ್ಲಿ ಮಾರುತ್ತಾರೆ, ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಹೊಸದಾಗಿ ಮನೆ ಕಟ್ಟಿಸುವವರಿಗೆ ಕಳಕಳಿಯಿಂದ ಹೇಳುತ್ತೇನೆ: ಮೋಲ್ಡ್ ಹಾಕುವ ಮುಂಚೆಯೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಪ್ರತಿ ಮಹಡಿಗೂ ನೆಟ್‌ವರ್ಕ್‌ಗೆಂದೇ ಪ್ರತ್ಯೇಕ ಪೈಪ್ ಬಿಡಿಸಿ. ಆಮೇಲೆ ಗೋಡೆ ಒಡೆಯುವ ಸಂಕಟ ನೋಡಲಾಗುವುದಿಲ್ಲ.

ಸಣ್ಣ ಆಫೀಸುಗಳಲ್ಲಿ ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್‌ಗೆ ನೇರ ವೈರ್ ಕೊಟ್ಟು, ಓಡಾಡುವ ಮೊಬೈಲ್‌ಗಳಿಗೆ ಮಾತ್ರ ಮೆಶ್ ಬಿಡಿ. ಇಂಟರ್‌ನೆಟ್ ಕಂಪನಿ ಕೊಟ್ಟ ರೂಟರ್ ಹಾಗೇ ನಡೆಯುತ್ತಿದ್ದರೆ ಮೆಶ್ಅನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ತಾನೇ ರೂಟರ್ ಆಗದೆ ವೈಫೈ ಮಾತ್ರ ಹರಡುತ್ತದೆ. ಇಲ್ಲದಿದ್ದರೆ ಎರಡು ಬೇರೆ ನೆಟ್‌ವರ್ಕ್ ಆಗಿ ಪ್ರಿಂಟರ್ ಕಾಣದೆಹೋಗಬಹುದು.

ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಮೆಶ್ ಬೇಕೇ ಎಂದು ಕೇಳಿದರೆ, ಮೊದಲು ಫೈಬರ್ ಹಾಕಿದವರನ್ನು ಕರೆಸಿ ರೂಟರ್ ಅನ್ನು ಬಾಗಿಲ ಮೂಲೆಯಿಂದ ಹಾಲಿನ ನಡುವಿಗೆ ತರಿಸಿ ನೋಡಿ ಎನ್ನುತ್ತೇನೆ. ಹೆಚ್ಚಿನ ಫ್ಲ್ಯಾಟ್‌ಗಳಿಗೆ ಅಷ್ಟೇ ಸಾಕಾಗುತ್ತದೆ.