ಹದಿನೈದಿಪ್ಪತ್ತು ಮನೆ ಸೇರಿ ರೈತರಿಂದಲೇ ನೇರ ತರಿಸಬಹುದೇ?

ಪ್ರಶ್ನೆ: ನಾವು ಶಿವಮೊಗ್ಗದ ಗೋಪಾಳದವರು. ಬೀದಿಯ ಹದಿನೈದಿಪ್ಪತ್ತು ಮನೆಯವರು ಸೇರಿ ತೀರ್ಥಹಳ್ಳಿ, ಹೊಸನಗರ ಕಡೆಯ ರೈತರಿಂದ ಅಕ್ಕಿ, ತರಕಾರಿ ನೇರವಾಗಿ ತರಿಸಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡುವುದು? ಕಾನೂನಿನ ತೊಡಕು ಏನಾದರೂ ಇದೆಯಾ?

ಉತ್ತರ: ಧಾರಾಳವಾಗಿ ತರಿಸಬಹುದು. ಆದರೆ ತರಕಾರಿಗೆ ಮೊದಲು ಕೈ ಹಾಕಬೇಡಿ, ಅಕ್ಕಿಯಿಂದ ಶುರು ಮಾಡಿ.

ಇಂಥ ಗುಂಪುಗಳ ವಾಟ್ಸಾಪ್‌ನಲ್ಲಿ ಮೊದಲು ಬರುವುದೇ ಟೊಮೆಟೊ, ಬೀನ್ಸ್, ಕ್ಯಾರೆಟ್ ಪಟ್ಟಿ. ತೀರ್ಥಹಳ್ಳಿಯ ರೈತರ ಹತ್ತಿರ ಅದು ಸಿಗುವುದು ಕಷ್ಟ. ಅವರದು ಅಡಿಕೆ ತೋಟ, ಒಂದಿಷ್ಟು ಗದ್ದೆ, ಮನೆ ಹಿಂದೆ ಹಿತ್ತಿಲು. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಹೊಯ್ಯುವ ಆಗುಂಬೆ ಸುತ್ತಮುತ್ತ ಜುಲೈನಲ್ಲಿ ಟೊಮೆಟೊ ಗಿಡ ಎಲ್ಲಿ ನಿಂತೀತು? ಎರಡು ವಾರ ಪಟ್ಟಿ ಹಾಕಿ, ಮೂರನೇ ವಾರ ‘ಏನೂ ಸಿಗಲ್ಲ ಇವರತ್ರ’ ಎಂದು ಗುಂಪು ಚದುರುತ್ತದೆ.

ಅಕ್ಕಿ ಹಾಗಲ್ಲ. ಕೊಳೆಯುವುದಿಲ್ಲ, ಪ್ರತಿ ಮನೆಗೂ ಬೇಕು, ವರ್ಷಕ್ಕೆ ಎಷ್ಟು ಬೇಕೆಂದು ಮನೆಯವರಿಗೆ ಬಾಯಲ್ಲೇ ಲೆಕ್ಕ ಇರುತ್ತದೆ.

ಈಗ ಬೆಲೆ. 2025–26ರ ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಒಂದು ಕ್ವಿಂಟಲ್ ಭತ್ತ ಮಿಲ್ಲಿಗೆ ಹಾಕಿದರೆ ಹೆಚ್ಚುಕಡಿಮೆ 65 ಕೆ.ಜಿ. ಅಕ್ಕಿ. ಅಲ್ಲಿಗೆ ಕೆ.ಜಿ.ಗೆ 36 ರೂಪಾಯಿ ಬಿತ್ತು. ಇದಕ್ಕೆ ಮಿಲ್ಲಿನ ಕೂಲಿ, ಚೀಲ, ಬಸ್ಸಿನ ಲಗೇಜು ಸೇರಬೇಕು. ಅದಕ್ಕಿಂತ ಕೆಳಗೆ ಚೌಕಾಸಿ ಮಾಡುವುದಾದರೆ ಅಂಗಡಿಗೇ ಹೋಗಿ. ಗಂಧಸಾಲೆಯಂಥ ಹಳೇ ತಳಿ ಬೇಕೆಂದರೆ ಇನ್ನೂ ಹೆಚ್ಚು ಕೊಡಬೇಕು. ಇಳುವರಿ ಕಡಿಮೆ, ಪೈರು ಎತ್ತರ, ಗಾಳಿಮಳೆಗೆ ಮಲಗಿಬಿಡುತ್ತದೆ. ಮಾತಾಡುವಾಗ ಭತ್ತದ ತೂಕವೋ ಅಕ್ಕಿಯ ತೂಕವೋ, ನುಚ್ಚು ತೌಡು ಯಾರಿಗೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಗೇಣಿ ಭತ್ತ ಅಳೆಯುವ ಕೊಳಗದಿಂದ ಎದ್ದ ಜಗಳವೇ 1951ರಲ್ಲಿ ಕಾಗೋಡು ಸತ್ಯಾಗ್ರಹವಾದ ಜಿಲ್ಲೆ ನಮ್ಮದು. ಅಳತೆಯಲ್ಲಿ ಸಂಕೋಚ ಬೇಡ.

ವರ್ಷದ ಅಕ್ಕಿಯನ್ನು ಒಟ್ಟಿಗೇ ತಂದು ತುಂಬಿಸಿಕೊಳ್ಳಲೂ ಬೇಡಿ. ಪಾಲಿಶ್ ಕಡಿಮೆ ಇರುವ ಅಕ್ಕಿಯಲ್ಲಿ ತೌಡಿನ ಎಣ್ಣೆಯಂಶ ಉಳಿದಿರುತ್ತದೆ. ಒಂದೆರಡು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ, ಹುಳ ಹಿಡಿಯುತ್ತದೆ. ಭತ್ತ ಮಾತ್ರ ಸಿಪ್ಪೆಯೊಳಗೆ ಜೋಪಾನವಾಗಿರುತ್ತದೆ. ಆದ್ದರಿಂದ ಭತ್ತ ರೈತರ ಪಣತದಲ್ಲೇ (ಕಣಜದಲ್ಲೇ) ಇರಲಿ, ನಿಮಗೆ ಬೇಕಾದಾಗ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮಿಲ್ಲು ಮಾಡಿಸಿ ಕಳಿಸಲಿ. ಹೇಳುವಷ್ಟು ಸುಲಭವಲ್ಲ ಇದು. ದೊಡ್ಡ ಮಿಲ್ಲಿನವರು ನಾಲ್ಕು ಚೀಲಕ್ಕೆ ಯಂತ್ರ ಓಡಿಸುವುದಿಲ್ಲ, ಹಳ್ಳಿಯ ಸಣ್ಣ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ರೈತರನ್ನು ಹುಡುಕುವ ಮೊದಲು ಅವರ ಹತ್ತಿರದಲ್ಲಿ ಓಡುವ ಮಿಲ್ಲು ಇದೆಯಾ ಎಂದು ವಿಚಾರಿಸಿ. ಹದಿನೈದು ಮನೆ ಒಂದೇ ದಿನ ಆರ್ಡರ್ ಕೊಟ್ಟರೆ ಮಿಲ್ಲಿನವರಿಗೂ ಗಿಟ್ಟುತ್ತದೆ.

ದುಡ್ಡಿನಲ್ಲಿ ಒಂದು ಪಾಲು ಮುಂಗಡ ಕೊಡಿ, ಅದೂ ನಾಟಿಗೆ ಮುಂಚೆ. ಗೊಬ್ಬರ, ನಾಟಿ ಆಳು, ಟಿಲ್ಲರ್ ಬಾಡಿಗೆ ಎಲ್ಲ ಒಟ್ಟಿಗೆ ಬರುವುದು ಆಗ. ಅಡಿಕೆಯವರಿಗೆ ಚೇಣಿ ಗೊತ್ತೇ ಇದೆ, ಮರದ ಮೇಲಿನ ಫಸಲಿಗೆ ಮುಂಗಡ ಮಾತು. ಇಲ್ಲಿ ಚೇಣಿದಾರನ ಜಾಗದಲ್ಲಿ ಉಣ್ಣುವವರೇ ಇರುತ್ತಾರೆ, ಅಷ್ಟೇ. ಜಪಾನಿನಲ್ಲಿ 1970ರ ದಶಕದಲ್ಲಿ ‘ತೇಯ್ಕೇಯ್’ ಹೆಸರಿನಲ್ಲಿ ಪಟ್ಟಣದ ಮನೆಗಳು ರೈತರೊಂದಿಗೆ ಮಾಡಿಕೊಂಡ ಒಪ್ಪಂದವೂ ಹೆಚ್ಚುಕಡಿಮೆ ಇದೇ ದಾರಿಯದು. ನೆರೆ ಬಂದು ಗದ್ದೆ ಹೋದರೆ ನಷ್ಟದಲ್ಲಿ ನಮಗೂ ಪಾಲು ಎನ್ನುವವರು ಮಾತ್ರ ಮುಂಗಡದ ಪಟ್ಟಿಗೆ ಸೇರಲಿ, ಉಳಿದವರು ಅಕ್ಕಿ ಬಂದ ಮೇಲೆ ಕೊಳ್ಳಲಿ.

ಕಾನೂನಿಗೆ ಹೆದರಬೇಕಿಲ್ಲ. ಮನೆ ಬಳಕೆಗೆ ರೈತರಿಂದ ಕೊಳ್ಳಲು ಎಪಿಎಂಸಿಗೆ ಹೋಗಬೇಕಿಲ್ಲ. ಸ್ವಂತ ಜಮೀನಿನ ಬೆಳೆ ಮಾರುವ ಕೃಷಿಕರಿಗೆ ಜಿಎಸ್‌ಟಿ ನೋಂದಣಿಯೂ ಬೇಡ. ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರು ಮಾತ್ರ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಬೇಕು. ‘ಸಾವಯವ’ ಎಂಬ ಮಾತು ಬಂದರೆ, 2017ರ ನಿಯಮದ ಪ್ರಕಾರ ಉಣ್ಣುವವರಿಗೇ ನೇರ ಮಾರುವ ಸಣ್ಣ ರೈತರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಆದರೆ ಪ್ರಮಾಣಿತ ಸಾವಯವದ ‘ಜೈವಿಕ್ ಭಾರತ್’ ಮುದ್ರೆ ಹಾಕುವಂತಿಲ್ಲ. ಕಾಗದ ಇಲ್ಲದ ಮೇಲೆ ನೀವೇ ಒಂದು ಭಾನುವಾರ ಗದ್ದೆಗೆ ಹೋಗಿ ನೋಡುವುದು ಒಳ್ಳೆಯದು. ಊಟಕ್ಕೆ ಏಳಿಸದೆ ಬಿಡುವುದಿಲ್ಲ ಅವರು, ಅದಕ್ಕೂ ಸಮಯ ಇಟ್ಟುಕೊಂಡು ಹೋಗಿ.

ತರಕಾರಿ ಆಮೇಲೆ ತಾನಾಗಿ ಜೊತೆಗೆ ಬರುತ್ತದೆ, ರೈತರ ಪಟ್ಟಿಯ ಪ್ರಕಾರ: ಬೇಸಿಗೆಯ ಶುರುವಿಗೆ ಅಪ್ಪೆಮಿಡಿ, ಆಮೇಲೆ ಹಲಸು, ಮಳೆಗಾಲಕ್ಕೆ ಕೆಸು, ಬಾಳೆದಿಂಡು. ಬೇಸಿಗೆಯಲ್ಲಿ ಕೊಯ್ದ ಮೊಗೆಕಾಯಿಯನ್ನು (ಸಾಂಬಾರು ಸೌತೆ) ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಬಿಟ್ಟಿರುತ್ತಾರಲ್ಲ, ಅದು ಆಗಸ್ಟಿನಲ್ಲೂ ಗಟ್ಟಿಯಾಗಿರುತ್ತದೆ. ಹುಳಿಗೆ ಅದಕ್ಕಿಂತ ಬೇಕೇ?

ಆರ್ಡರ್ ಕೂಡಿಸಿ, ಬಸ್‌ಸ್ಟ್ಯಾಂಡಿನಿಂದ ಚೀಲ ಇಳಿಸಿಕೊಂಡು, ತೂಗಿ, ಹಣ ವಸೂಲಿ ಮಾಡುವ ಒಬ್ಬರು ಬೇಕು. ಅವರಿಗೆ ಕೆ.ಜಿ.ಗೆ ಇಷ್ಟು ಎಂದು ಕೊಡಿ. ಪುಕ್ಕಟೆ ಮಾಡುವವರು ಆರು ತಿಂಗಳಿಗೆ ಸುಸ್ತಾಗುತ್ತಾರೆ.

ಮೊದಲ ವರ್ಷಕ್ಕೆ ಇಬ್ಬರು ರೈತರು ಸಾಕು. ಡಿಸೆಂಬರಿನಲ್ಲಿ ಒಕ್ಕಣೆ ಮುಗಿದ ಕೂಡಲೇ ಅಕ್ಕಿ ಕೇಳಬೇಡಿ, ಹೊಸಕ್ಕಿ ಅನ್ನ ಮುದ್ದೆಯಾಗುತ್ತದೆ. ಯುಗಾದಿ ಕಳೆದ ಮೇಲೆ ಮೊದಲ ಮಿಲ್ಲು ಮಾಡಿಸಿ, ಅಲ್ಲಿವರೆಗೆ ಅಂಗಡಿ ಅಕ್ಕಿಯೇ ನಡೆಯಲಿ.