ಜಾರ್ಜ್ ಇನ್: ಕೆಳಗೆ ಕಲ್ಲು, ಮೇಲೆ ಮರ

ಇಂಗ್ಲೆಂಡಿನ ಬಾತ್ ನಗರದ ದಕ್ಷಿಣಕ್ಕೆ, ಸಾಮರ್ಸೆಟ್ ಸೀಮೆಯಲ್ಲಿ, ನಾರ್ಟನ್ ಸೇಂಟ್ ಫಿಲಿಪ್ ಎಂಬ ಹಳ್ಳಿಯಿದೆ. ಅಲ್ಲಿನ ಜಾರ್ಜ್ ಇನ್ ಎಂಬ ಹಳೆಯ ತಂಗುಮನೆಯ ಚಿತ್ರ ಮೊದಲ ಸಲ ನೋಡಿದಾಗ ನಾನು ತಪ್ಪು ತಿಳಿದಿದ್ದೆ. ಮೇಲಿನ ಎರಡು ಅಂತಸ್ತುಗಳ ಮರದ ಚೌಕಟ್ಟೇ ಹಳೆಯದು, ಕೆಳಗಿನ ಕಲ್ಲು ಆಮೇಲಿನ ದುರಸ್ತಿ ಎಂದುಕೊಂಡಿದ್ದೆ. ವಾಸ್ತವ ಇದಕ್ಕೆ ಉಲ್ಟಾ. ಕಲ್ಲಿನ ಭಾಗವೇ ಮೊದಲಿನದು. ಮರದ ಅಂತಸ್ತುಗಳು 15ನೇ ಶತಮಾನದಲ್ಲಿ ಅದರ ಮೇಲೆ ಕೂತವು.

ಮರದ ಅಂತಸ್ತುಗಳು ಬೀದಿಯ ಕಡೆಗೆ ಮುಂದೆ ಚಾಚಿರುವುದನ್ನು ಗಮನಿಸಿ. ಇದಕ್ಕೆ ಜೆಟ್ಟಿ ಎನ್ನುತ್ತಾರೆ. ನೆಲಹಾಸನ್ನು ಹೊರುವ ಜಂತೆಗಳು ಕೆಳಗಿನ ಗೋಡೆಗೇ ಮುಗಿಯದೆ ಹೊರಗೆ ಇಣುಕುತ್ತವೆ. ಆ ತುದಿಗಳ ಮೇಲೆ ಮೇಲಂತಸ್ತಿನ ಚೌಕಟ್ಟನ್ನು ನಿಲ್ಲಿಸುತ್ತಾರೆ. ಬೀದಿಯ ಜಾಗ ಕಬಳಿಸದೆಯೇ ಮೇಲಿನ ಕೋಣೆ ದೊಡ್ಡದಾಗುತ್ತದೆ, ಮಾಲೀಕನ ಸಿರಿವಂತಿಕೆಯೂ ದಾರಿಹೋಕರ ಕಣ್ಣಿಗೆ ಬೀಳುತ್ತದೆ. ಇಂಥ ಕಟ್ಟಡಗಳಲ್ಲಿ ಮರಗಳ ನಡುವಿನ ಖಾಲಿ ಜಾಗವನ್ನು ಸಾಮಾನ್ಯವಾಗಿ ಹೆಣೆದ ಕಡ್ಡಿಗಳಿಗೆ ಮಣ್ಣು ಮೆತ್ತಿ ತುಂಬುತ್ತಿದ್ದರು. ನಮ್ಮ ತಡಿಕೆ ಗೋಡೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಒಂದು ಹಳ್ಳಿಗೆ ಇಷ್ಟು ದೊಡ್ಡ ಕಟ್ಟಡ ಏಕೆ ಬೇಕಾಯಿತು? ಉತ್ತರ ಉಣ್ಣೆಯಲ್ಲಿದೆ. ಹತ್ತಿರದ ಹಿಂಟನ್ ಚಾರ್ಟರ್‌ಹೌಸ್‌ನಲ್ಲಿ 1232ರಲ್ಲಿ ಸ್ಥಾಪನೆಯಾದ ಕಾರ್ತೂಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳ ಮಠವಿತ್ತು. ಆ ಮಠದ ಅಧೀನದಲ್ಲಿದ್ದ ಈ ಹಳ್ಳಿಯ ಜಾತ್ರೆಗೆ ಉಣ್ಣೆ, ಬಟ್ಟೆ ವ್ಯಾಪಾರಿಗಳು ಬರುತ್ತಿದ್ದರು. ಅವರ ವಸತಿಗೂ ಸರಕಿಗೂ ಜಾಗ ಬೇಕಿತ್ತು. ಮೌನವ್ರತಕ್ಕೆ ಹೆಸರಾದ ಸನ್ಯಾಸಿಗಳ ನೆರಳಿನಲ್ಲಿ ಸಂತೆಯ ಗದ್ದಲ! 1539ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮಠ ಮುಚ್ಚಿತು, ಇನ್ ಉಳಿಯಿತು.

ಪದಗಳ ವಿಷಯದಲ್ಲೂ ಎಚ್ಚರ ಬೇಕು. ಇನ್ ಎಂದರೆ ತಂಗುವ ಜಾಗ, ಟ್ಯಾವರ್ನ್ ದ್ರಾಕ್ಷಾರಸದ ಅಂಗಡಿ, ಏಲ್‌ಹೌಸ್‌ನಲ್ಲಿ ಏಲ್ ಎಂಬ ಬಾರ್ಲಿಯ ಮದ್ಯ. ಪಬ್ಲಿಕ್ ಹೌಸ್ ಎಂಬುದರಿಂದ ಬಂದ ಪಬ್ ಎಂಬ ಮೊಟಕು ಹೆಸರು ಬಹಳ ಆಮೇಲಿನದು. ಜಾರ್ಜ್‌ಗೆ 1397ರಿಂದಲೂ ಪರವಾನಗಿಯಿದೆ ಎಂಬ ಮಾತು ಅಲ್ಲಲ್ಲಿ ಕಾಣುತ್ತದೆ. ಆದರೆ ಏಲ್‌ಹೌಸ್‌ಗಳಿಗೆ ನ್ಯಾಯಾಧಿಕಾರಿಗಳ ಪರವಾನಗಿಯನ್ನು ಕಡ್ಡಾಯಗೊಳಿಸಿದ ಕಾಯ್ದೆ ಬಂದದ್ದು 1552ರಲ್ಲಿ. ಹಾಗಾಗಿ 1397 ಎಂಬ ಇಸವಿಯನ್ನು ಸುಮ್ಮನೆ ನಂಬಬೇಡಿ. ‘ಅತ್ಯಂತ ಹಳೆಯ ಪಬ್’ ಎಂಬ ಪಟ್ಟಕ್ಕಂತೂ ಇಂಗ್ಲೆಂಡಿನಲ್ಲಿ ಹತ್ತಾರು ಹಕ್ಕುದಾರರಿದ್ದಾರೆ.

1668ರ ಜೂನ್ 12ರಂದು ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಬಾತ್‌ಗೆ ಹೋಗುವ ದಾರಿಯಲ್ಲಿ ಈ ಹಳ್ಳಿಯಲ್ಲಿ ಊಟ ಮಾಡಿ, ಅದರ ಖರ್ಚು ಹತ್ತು ಶಿಲಿಂಗ್ ಎಂದು ಬರೆದಿಟ್ಟ. 1685ರ ಜೂನ್‌ನಲ್ಲಿ ಎರಡನೆಯ ಜೇಮ್ಸ್ ದೊರೆಯ ವಿರುದ್ಧ ದಂಗೆಯೆದ್ದ ಮನ್ಮತ್ ಡ್ಯೂಕ್ ಜಾರ್ಜ್‌ನಲ್ಲೇ ಬೀಡುಬಿಟ್ಟಿದ್ದ. 27ರಂದು ಹಳ್ಳಿಯಲ್ಲೇ ಕಾದಾಟ ನಡೆಯಿತು. ಕಿಟಕಿಯ ಬಳಿ ಕ್ಷೌರ ಮಾಡಿಕೊಳ್ಳುತ್ತಿದ್ದ ಡ್ಯೂಕನತ್ತ ಯಾರೋ ಗುಂಡು ಹಾರಿಸಿದರೆಂಬುದು ಊರವರು ಹೇಳುವ ಕಥೆ. ಗುಂಡು ತಪ್ಪಿತಂತೆ, ಆದರೆ ಜುಲೈ 6ರಂದು ಸೆಜ್‌ಮೂರ್‌ನಲ್ಲಿ ಸೋತ ಅವನ ತಲೆಯನ್ನು 15ರಂದು ಲಂಡನ್‌ನಲ್ಲಿ ಕಡಿದರು.